ಕೈಗೆ ಹತ್ತಿದ ಖಾರ

ಮೆಣಸಿನಕಾಯಿ ಹೆಚ್ಚಿದ ಕೈ ಆಗಿಂದಾಗಲೇ ಉರಿಯುವುದು ಕಡಿಮೆ. ಕೆಲಸ ಮುಗಿದು, ಕೈ ತೊಳೆದು, ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಮುಂಗೈಯ ಮೇಲೆ ಚುರುಚುರು ಶುರುವಾಗುತ್ತದೆ. ಅಲ್ಲಿಂದ ಏರುತ್ತಾ ಹೋಗಿ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದಷ್ಟು ಉರಿಯಾಗುತ್ತದೆ. ಅಂಗೈಯ ಚರ್ಮ ದಪ್ಪ; ಖಾರದ ಅಂಶ ಅದರೊಳಗೆ ಇಳಿದು ನರದ ತುದಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಇಳಿದದ್ದು ಹೋಗಲೂ ಅಷ್ಟೇ ತಡ. ಮಧ್ಯಾಹ್ನ ಹೆಚ್ಚಿದ ಕಾಯಿ ರಾತ್ರಿಯ ನಿದ್ದೆ ಕೆಡಿಸುವುದು ಹೀಗೆ. ಕೆಲವರಿಗೆ ಮರುದಿನವೂ ಉರಿ ಉಳಿಯುತ್ತದೆ. ನೋಡುವವರಿಗೆ ಮಾತ್ರ ತುಸು ಕೆಂಪು ಬಿಟ್ಟರೆ ಕೈಯಲ್ಲಿ ಏನೂ ಕಾಣದು. ಆದ್ದರಿಂದಲೇ ಈ ನೋವಿಗೆ ಮನೆಯಲ್ಲಿ ಸಿಗಬೇಕಾದ ಮರುಕ ಸಿಗುವುದಿಲ್ಲ.

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಈ ಉರಿಗೆ ಒಂದು ಕಾಲವೇ ಇದೆ. ಬಿಸಿಲು ಬಲಿಯುವ ಮಾರ್ಚ್‌ನಿಂದ ಮೇವರೆಗಿನ ತಿಂಗಳುಗಳು ಮಜ್ಜಿಗೆ ಮೆಣಸಿನಕಾಯಿ ಹಾಕುವ ಹೊತ್ತು. ತಮಿಳರ ಬಾಯಲ್ಲಿ ಮೋರ್ ಮಿಳಗಾಯ್ ಆಗಿರುವ ಇದನ್ನು ಅಲ್ಲಿನ ಕನ್ನಡ ಮನೆಮಾತಿನ ಕುಟುಂಬಗಳೂ ವರ್ಷಕ್ಕಾಗುವಷ್ಟು ಮಾಡಿಡುತ್ತವೆ. ಕರ್ನಾಟಕದ ಕಡೆ ಇದು ಬಾಳಕ. ಕಿಲೋಗಟ್ಟಲೆ ಹಸಿಮೆಣಸಿನಕಾಯಿ ತೊಳೆದು, ತೊಟ್ಟು ಉಳಿಸಿ, ಒಂದೊಂದನ್ನೂ ಉದ್ದಕ್ಕೆ ಸೀಳಬೇಕು. ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕಬೇಕು, ಹಗಲು ಬಿಸಿಲಿಗೆ ಹರವಬೇಕು, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಸುರಿಯಬೇಕು. ಮಜ್ಜಿಗೆ ಪೂರ್ತಿ ಹೀರಿಕೊಂಡು ಕಾಯಿ ಗರಿಗರಿಯಾಗುವವರೆಗೆ ಇದೇ ಕೆಲಸ. ಸೀಳುವಾಗ ಒಂದು ಸಲ ಕೈಗೆ ಖಾರ ಹತ್ತುತ್ತದೆ. ಆಮೇಲೆ ಪ್ರತಿ ಸಂಜೆ ಮಜ್ಜಿಗೆಯಲ್ಲಿ ಕೈಯಾಡಿಸುವಾಗ, ಉಪ್ಪುನೀರಿಗೆ ಮೆತ್ತಗಾದ ಚರ್ಮಕ್ಕೆ, ಚಾಕುವಿನ ಸಣ್ಣ ಗೀರುಗಳಿಗೆ ಮತ್ತೆ ಹತ್ತುತ್ತದೆ.

ಇದು ಮನೆಯ ಮಾತಾಯಿತು. ಬೀದಿಯಲ್ಲಿ ವರ್ಷಪೂರ್ತಿ ಇದೇ ಪಾಡು. ಸೇಲಂನ ಹೆಸರುವಾಸಿ ತಿಂಡಿ ತಟ್ಟುವಡೆ ಸೆಟ್‌. ಎರಡು ಗರಿಗರಿ ನಿಪ್ಪಟ್ಟಿನ ನಡುವೆ ತುರಿದ ತರಕಾರಿ ಇಟ್ಟು ಹಸಿರು ಚಟ್ನಿ, ಕೆಂಪು ಖಾರದ ಚಟ್ನಿ ಸವರಿ ಕೊಡುತ್ತಾರೆ. ಆ ಚಟ್ನಿಗಳಿಗೆ ಬೇಕಾದ ಮೆಣಸಿನಕಾಯಿ ಬಿಡಿಸಿ ರುಬ್ಬುವ ಕೈ ಯಾರದೋ ಇದ್ದೇ ಇರುತ್ತದೆ. ಸೇಲಂನಿಂದ 20 ಹಿಮ್ಮುರಿ ತಿರುವು ಹತ್ತಿ ಏರ್ಕಾಡ್ ತಲುಪಿದರೆ ಕೆರೆಯ ಬಳಿ ಮೆಣಸಿನಕಾಯಿ ಬಜ್ಜಿಯ ಬಾಣಲೆಗಳು. ಬಜ್ಜಿಯ ಉದ್ದ ಕಾಯಿ ಸಪ್ಪೆ ಜಾತಿಯದೇ ಆದರೂ, ದಿನಕ್ಕೆ ನೂರಾರು ಕಾಯಿಯ ಹೊಟ್ಟೆ ಸೀಳಿ ಒಳಗಿನ ತಿರುಳು ಬೆರಳಲ್ಲಿ ಕೆರೆದು ತೆಗೆಯುವವರಿಗೆ ಸಪ್ಪೆ ಎನ್ನುವುದಕ್ಕೆ ಅರ್ಥವಿಲ್ಲ. ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿ ಕಾವೇರಿಯ ಮೀನಿಗೆ ಖಾರದ ಪುಡಿಯ ಮಸಾಲೆಯನ್ನು ಬರಿಗೈಯಲ್ಲೇ ಮೆತ್ತಿ ಕರಿದು ಕೊಡುವ ಹೆಂಗಸರಿದ್ದಾರೆ. ಅದೇ ದಂಡೆಯಲ್ಲಿ ಪ್ರವಾಸಿಗರ ಮೈಗೆ ಎಣ್ಣೆ ತಿಕ್ಕುವವರೂ ಸಾಲಾಗಿ ಕೂತಿರುತ್ತಾರೆ. ಖಾರ ಮತ್ತು ಅದರ ಮದ್ದು ಇಷ್ಟು ಹತ್ತಿರ ಇರುವ ಜಾಗ ಇನ್ನೊಂದು ಸಿಗುವುದು ಕಷ್ಟ.

ಏರ್ಕಾಡ್‌ನ ತೋಟಗಳಲ್ಲಿ ಕಾಫಿ ಗಿಡಗಳ ನಡುವಿನ ನೆರಳುಮರಗಳಿಗೆ ಹಬ್ಬಿದ ಕಾಳುಮೆಣಸು ಕೂಡ ಖಾರದ್ದೇ. ಅದರ ಗೊನೆ ಬಿಡಿಸಿ, ತುಳಿದು, ಒಣಗಿಸುವವರು ಹೀಗೆ ಕೈ ಉರಿಯಿಂದ ಒದ್ದಾಡುವುದಿಲ್ಲ. ಕಾಳುಮೆಣಸಿನ ಖಾರ ಪೈಪರಿನ್‌ ಎಂಬ ವಸ್ತುವಿನದು. ಅದು ಮುಟ್ಟುವುದು ಅದೇ ನರವನ್ನೇ ಆದರೂ ಅದರ ಬಲ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ನ ಸುಮಾರು ನೂರನೇ ಒಂದು ಪಾಲು. ಪೋರ್ಚುಗೀಸರು 16ನೇ ಶತಮಾನದಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಇಲ್ಲಿಗೆ ತರುವವರೆಗೆ ಈ ನಾಡಿನ ಅಡುಗೆಮನೆಯ ಕೈಗಳಿಗೆ ಈ ಬಗೆಯ ಉರಿ ಗೊತ್ತಿರಲಿಲ್ಲ.

ಕ್ಯಾಪ್ಸೈಸಿನ್ ಹುಟ್ಟುವುದು ಕಾಯಿಯ ಒಳಗಿನ ಬಿಳಿ ತಿರುಳಿನಲ್ಲಿ, ಎಂದರೆ ಬೀಜ ಅಂಟಿಕೊಂಡಿರುವ ಮೆತ್ತನೆಯ ಏಣುಗಳಲ್ಲಿ. ಖಾರವೆಲ್ಲ ಬೀಜದಲ್ಲಿದೆ ಎಂಬುದು ಬಹಳ ಜನರ ನಂಬಿಕೆ. ಬೀಜಕ್ಕೆ ಸ್ವಂತ ಖಾರ ಇಲ್ಲವೆಂದರೂ ಸಲ್ಲುತ್ತದೆ. ತಿರುಳಿಗೆ ತಾಗಿಕೊಂಡಿರುವುದರಿಂದ ಮೆತ್ತಿದ್ದು ಅಷ್ಟೇ. ಅಡುಗೆಯ ಖಾರ ಇಳಿಸಲು ಬೀಜ ಕೊಡವಿ ತಿರುಳು ಬಿಡುವವರು ಮೋಸ ಹೋಗುತ್ತಾರೆ, ತಿರುಳನ್ನೂ ಬರಿ ಬೆರಳಲ್ಲಿ ಕೆರೆದು ತೆಗೆಯುವವರು ಅಡುಗೆಯಿಂದ ಇಳಿಸಿದ ಖಾರವನ್ನು ತಮ್ಮ ಉಗುರಿನಡಿ ತುಂಬಿಕೊಳ್ಳುತ್ತಾರೆ. ಇಡೀ ಕಾಯಿಯನ್ನು ಹೊರಗಿನಿಂದ ಎಷ್ಟು ಮುಟ್ಟಿದರೂ ಉರಿ ಕಡಿಮೆ. ಸೀಳಿದ, ಜಜ್ಜಿದ, ರುಬ್ಬಿದ ಕಾಯಿಯೇ ಕೈ ಸುಡುವುದು.

ಯಾವ ಕಾಯಿ ಎಂಬುದೂ ಮುಖ್ಯ. ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ಖಾರ ಅಳೆಯುವ ಒಂದು ವಿಧಾನ ರೂಪಿಸಿದ. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ, ನಾಲಿಗೆಗೆ ಖಾರ ತಿಳಿಯದಂತಾಗುವಾಗ ಎಷ್ಟು ಪಟ್ಟು ತೆಳುವಾಗಿತ್ತೋ ಅದೇ ಆ ಕಾಯಿಯ ಅಂಕ. ಈಗ ಯಂತ್ರದಿಂದ ಕ್ಯಾಪ್ಸೈಸಿನ್ ಪ್ರಮಾಣ ಅಳೆದು ಅಂಕ ಕಟ್ಟುತ್ತಾರೆ, ಹೆಸರು ಮಾತ್ರ ಸ್ಕೋವಿಲ್‌ನದೇ ಉಳಿದಿದೆ. ಬ್ಯಾಡಗಿ ಮೆಣಸಿನಕಾಯಿ ಸುಮಾರು 10 ಸಾವಿರದ ಆಸುಪಾಸು, ಗುಂಟೂರು ಸಣ್ಣಂ 35ರಿಂದ 40 ಸಾವಿರ. ಕಾಫಿ ತೋಟದ ಅಂಚಿನಲ್ಲಿ ಯಾರೂ ನೆಡದೆ, ಹಕ್ಕಿ ತಿಂದು ಹಾಕಿದ ಬೀಜದಿಂದ ಹುಟ್ಟುವ ಸೂಜಿಮೆಣಸು ಇದಕ್ಕೂ ಮೇಲೆ. ಹಕ್ಕಿಗಳಿಗೆ ಖಾರ ತಟ್ಟುವುದೇ ಇಲ್ಲ. ಅವುಗಳ ನರಕ್ಕೆ ಕ್ಯಾಪ್ಸೈಸಿನ್ ಗುರುತೇ ಸಿಗದು. ಈಶಾನ್ಯ ಭಾರತದ ಭೂತ್ ಜೊಲೊಕಿಯಾ 10 ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆ ಸೇರಿತು. 2023ರಲ್ಲಿ ದಾಖಲೆ ಬರೆದ ಅಮೆರಿಕದ ಪೆಪ್ಪರ್ ಎಕ್ಸ್‌ನದು 26.93 ಲಕ್ಷ. ಶುದ್ಧ ಕ್ಯಾಪ್ಸೈಸಿನ್‌ದೇ 1.6 ಕೋಟಿ. ತಾರಸಿ ತೋಟದ ಹವ್ಯಾಸ ಬೆಳೆದ ಮೇಲೆ ಇಂಥ ವಿದೇಶಿ ಕಾಯಿಗಳ ಬೀಜ ತರಿಸಿ ಕುಂಡದಲ್ಲಿ ಬೆಳೆಸುವವರು ಹೆಚ್ಚಿದ್ದಾರೆ. ಬ್ಯಾಡಗಿ ಹೆಚ್ಚಿದ ಅಭ್ಯಾಸದಲ್ಲಿ ಅವನ್ನು ಬರಿಗೈಯಲ್ಲಿ ಹೆಚ್ಚುವುದು ದೊಡ್ಡ ತಪ್ಪು.

ಬ್ಯಾಡಗಿಯ ಹೆಸರು ಬಂದ ಮೇಲೆ ಅಲ್ಲಿನ ಕೈಗಳ ಮಾತು ಬಿಡುವಂತಿಲ್ಲ. ಹಾವೇರಿ ಜಿಲ್ಲೆಯ ಈ ಊರಿನ ಮಾರುಕಟ್ಟೆಗೆ ಹಂಗಾಮಿನಲ್ಲಿ ಕೆಂಪು ಗುಡ್ಡಗಳೇ ಬಂದು ಬೀಳುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಅದರಿಂದ ತೆಗೆಯುವ ಕೆಂಪು ಸಾರ ಆಹಾರದ ಜೊತೆಗೆ ಲಿಪ್‌ಸ್ಟಿಕ್‌, ಉಗುರುಬಣ್ಣಕ್ಕೂ ಹೋಗುತ್ತದೆ. ಪುಡಿಗೆ, ಸಾರಕ್ಕೆ ಹೋಗುವ ಮುನ್ನ ಕಾಯಿಯ ತೊಟ್ಟು ಬಿಡಿಸಬೇಕು. ಸಾಲಾಗಿ ಕೂತು ದಿನವಿಡೀ ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿಯುವವರು ಹೆಣ್ಣುಮಕ್ಕಳು. ಕಾಯಿ ಒಣಗಿದ್ದು, ಜಾತಿ ಕಡಿಮೆ ಖಾರದ್ದು. ಆದ್ದರಿಂದ ಹಸಿ ಕಾಯಿ ಸೀಳುವವರಷ್ಟು ಕೈ ಉರಿ ಇಲ್ಲ. ಅವರನ್ನು ಹೆಚ್ಚು ಕಾಡುವುದು ಘಾಟು, ಅದರ ಹಿಂದೆ ಬರುವ ಸೀನು ಮತ್ತು ಕೆಮ್ಮು. ಆದರೂ ಒಡೆದ ಕಾಯಿಯ ಪುಡಿ ಬೆವರಿದ ಕೈಗೆ ಹತ್ತಿ, ಆ ಕೈ ಮುಖಕ್ಕೆ ಹೋದರೆ ಆಗುವುದು ಅದೇ. ತಲೆಗೆ, ಮೂಗಿಗೆ ಸೆರಗು ಬಿಗಿದುಕೊಂಡು ಕೂರುವುದು ಅವರು ತಾವೇ ಕಂಡುಕೊಂಡ ರಕ್ಷಣೆ.

ಉರಿ ಎಂದರೇನು ಎಂದು ತಿಳಿದರೆ ಮದ್ದು ತಾನಾಗಿ ಹೊಳೆಯುತ್ತದೆ. ಚರ್ಮದಲ್ಲಿ ನೋವು ತಿಳಿಸುವ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಕಿಂಡಿಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದಾಗ ಅವು ತೆರೆದುಕೊಂಡು, ಸುಡುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಕ್ಯಾಪ್ಸೈಸಿನ್ ತಾಗಿದರೆ ಬಿಸಿ ಇಲ್ಲದೆಯೂ ಅದೇ ಕಿಂಡಿ ತೆರೆಯುತ್ತದೆ, ಅದೇ ಸುದ್ದಿ ಹೋಗುತ್ತದೆ. ಮಿದುಳಿಗೆ ಎರಡರ ವ್ಯತ್ಯಾಸ ತಿಳಿಯದು. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಈ ಕಿಂಡಿಯನ್ನು 1997ರಲ್ಲಿ ಗುರುತಿಸಿದರು. ಹುಡುಕಾಟಕ್ಕೆ ಅವರು ಹಿಡಿದ ದಾರಿ ಮೆಣಸಿನಕಾಯಿಯ ಖಾರವೇ. ಆರ್ಡೆಮ್ ಪಟಪೂಟಿಯನ್ ಜೊತೆ 2021ರ ವೈದ್ಯಕೀಯ ನೊಬೆಲ್ ಜೂಲಿಯಸ್‌ಗೆ ಬಂತು.

ಅಂದರೆ ಮೆಣಸಿನಕಾಯಿ ಮುಟ್ಟಿದ ಕೈ ಸುಟ್ಟಿರುವುದಿಲ್ಲ. ನರ ಕಳಿಸಿದ ಸುಳ್ಳು ಸುದ್ದಿಗೆ ದೇಹ ನಿಜವಾಗಿಯೇ ಓಗೊಡುತ್ತದೆ. ನರತುದಿಗಳಿಂದ ಹೊರಬೀಳುವ ರಾಸಾಯನಿಕಗಳಿಂದ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ, ತುಸು ಊದುತ್ತದೆ. ತುಂಬಾ ಹೊತ್ತು, ತುಂಬಾ ಖಾರ ತಾಗಿದ್ದರೆ ಮಾತ್ರ ಚರ್ಮವೇ ಕೆರಳಿ ಗುಳ್ಳೆ ಏಳುವುದುಂಟು. ಸುಟ್ಟಗಾಯದ ಮುಲಾಮು ಇಲ್ಲಿ ಕೆಲಸ ಮಾಡದಿರುವುದಕ್ಕೂ ಕಾರಣ ಇದೇ: ವಾಸಿಯಾಗಬೇಕಾದ ಗಾಯವೇ ಅಲ್ಲಿಲ್ಲ. ಅಲರ್ಜಿ ಮಾತ್ರೆಯಿಂದಲೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಇದು ಅಲರ್ಜಿಯಲ್ಲ.

ಈ ಕಿಂಡಿಗೆ ಇನ್ನೊಂದು ಗುಣವಿದೆ. ಖಾರ ಹತ್ತಿದ ಚರ್ಮದಲ್ಲಿ 43 ಡಿಗ್ರಿಯ ಮಿತಿ ಕೆಳಗಿಳಿಯುತ್ತದೆ. ಮಾಮೂಲಾಗಿ ಹಿತವಾದ ಬೆಚ್ಚನೆ ನೀರೂ ಆಗ ಕುದಿನೀರಿನಂತೆ ತಾಗುತ್ತದೆ. ಜಿಡ್ಡು ಹೋಗಲಿ ಎಂದು ಬಿಸಿನೀರಿನಲ್ಲಿ ಕೈ ತೊಳೆಯಲು ಹೊರಟವರು ಕಿರುಚಿಕೊಂಡು ಹಿಂದೆ ಸರಿಯುವುದು ಇದಕ್ಕೇ. ಏಪ್ರಿಲ್‌ನ ಸೇಲಂನಲ್ಲಿ ಬಿಸಿನೀರು ಕಾಯಿಸಬೇಕಾಗಿಯೂ ಇಲ್ಲ. ಮಧ್ಯಾಹ್ನ ತಾರಸಿಯ ಪ್ಲಾಸ್ಟಿಕ್ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರೇ ಸುಡುತ್ತಿರುತ್ತದೆ. ಮಜ್ಜಿಗೆ ಮೆಣಸಿನಕಾಯಿ ಸೀಳುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ಕೆಲಸಕ್ಕೆ ಕೂರುವ ಮೊದಲೇ ಮಡಕೆಯ ನೀರೋ ಫ್ರಿಜ್‌ನ ನೀರೋ ಒಂದು ಬೋಗುಣಿಯಷ್ಟು ತೆಗೆದಿಟ್ಟುಕೊಳ್ಳುವುದು ಜಾಣತನ. ಸುಮಾರು 1,500 ಮೀಟರ್ ಎತ್ತರದ ಏರ್ಕಾಡ್‌ನಲ್ಲಿ ಈ ತೊಂದರೆಯಿಲ್ಲ, ಅಲ್ಲಿ ನಲ್ಲಿ ನೀರೇ ತಣ್ಣಗಿರುತ್ತದೆ.

ಆದರೆ ತಣ್ಣೀರು ನೋವನ್ನು ಅದುಮುತ್ತದೆಯೇ ಹೊರತು ಖಾರವನ್ನು ತೊಳೆಯುವುದಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಬಹುತೇಕ ಕರಗದು. ಎಣ್ಣೆಯಲ್ಲಿ, ಕೊಬ್ಬಿನಲ್ಲಿ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಕೈಯನ್ನು ನಲ್ಲಿಯ ಕೆಳಗೆ ಹಿಡಿದಷ್ಟು ಹೊತ್ತು ಹಾಯೆನಿಸಿ, ತೆಗೆದ ಕೂಡಲೇ ಉರಿ ಮರಳುವುದು ಇದರಿಂದಲೇ. ಹಲಸಿನಹಣ್ಣು ಬಿಡಿಸಿದ ಕೈಯ ಮೇಣವೂ ಹೀಗೆಯೇ: ನೀರಿಗೆ ಜಗ್ಗದು, ಎಣ್ಣೆ ಸವರಿದರೆ ಬಿಟ್ಟುಕೊಡುತ್ತದೆ. ಹಲಸು ಬಲ್ಲ ಮನೆಗಳಿಗೆ ಮೆಣಸಿನಕಾಯಿಯ ಮದ್ದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ಮೊದಲ ಕೆಲಸ ಒರೆಸುವುದು. ಕೈಯಲ್ಲಿರುವ ರಸ, ಪುಡಿ, ಬೀಜವನ್ನು ಒಣ ಬಟ್ಟೆಯಿಂದಲೋ ಕಾಗದದಿಂದಲೋ ತೆಗೆಯಬೇಕು. ಆಮೇಲೆ ಎಣ್ಣೆ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ, ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದು ಯಾವುದಾದರೂ ಆದೀತು. ತುಪ್ಪ, ಬೆಣ್ಣೆಗೂ ಅಡ್ಡಿಯಿಲ್ಲ, ದುಬಾರಿ ಅಷ್ಟೇ. ಧಾರಾಳವಾಗಿ ಸುರಿದುಕೊಂಡು ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು ಎಲ್ಲ ಕಡೆ ಒಂದೆರಡು ನಿಮಿಷ ತಿಕ್ಕಬೇಕು. ಚರ್ಮದ ಮೇಲಿನ ಖಾರ ಎಣ್ಣೆಗೆ ಇಳಿಯುತ್ತದೆ. ಈಗ ಈ ಎಣ್ಣೆಯೇ ಖಾರದ ಎಣ್ಣೆ. ಅದನ್ನು ಕೈಮೇಲೆ ಬಿಟ್ಟರೆ ಉರಿ ಹರಡುತ್ತದೆಯೇ ವಿನಾ ತಗ್ಗದು. ಎಣ್ಣೆ ಹಚ್ಚಿದೆವು, ಉಪಯೋಗವಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ. ಹಚ್ಚಿದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಪಾತ್ರೆ ತೊಳೆಯುವ ಸೋಪಿನಿಂದ ತಣ್ಣೀರಿನಲ್ಲಿ ತೊಳೆಯಬೇಕು. ಮೈಸೋಪಿಗಿಂತ ಪಾತ್ರೆಯ ಸೋಪು ಮೇಲು. ಜಿಡ್ಡು ಬಿಡಿಸಲೆಂದೇ ಮಾಡಿದ್ದು ಅದು. ಉಗುರಿನಡಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ಉರಿ ಉಳಿದಿದ್ದರೆ ಎಣ್ಣೆ, ಒರೆಸು, ಸೋಪು ಎಂಬ ಈ ಸುತ್ತನ್ನು ಎರಡು ಮೂರು ಬಾರಿ ಮಾಡಬಹುದು. ಆದರೆ ನಾರಿನಿಂದ, ಸ್ಟೀಲ್ ಉಜ್ಜುಗದಿಂದ ತಿಕ್ಕಿ ಚರ್ಮ ಕೀಳಬಾರದು. ಕಿತ್ತ ಚರ್ಮದಲ್ಲಿ ಖಾರ ಇನ್ನೂ ಬೇಗ ಇಳಿಯುತ್ತದೆ.

ಮನೆಮದ್ದಿನ ಈ ಎಣ್ಣೆಗೆ ವೈದ್ಯರ ಸಾಕ್ಷಿಯೂ ಇದೆ. ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ 1981ರಲ್ಲಿ ಈ ಕೈಉರಿಗೆ ‘ಹುನಾನ್ ಕೈ’ ಎಂಬ ಹೆಸರು ಬಂತು. ಖಾರದ ಅಡುಗೆಗೆ ಹೆಸರಾದ ಚೀನಾದ ಹುನಾನ್ ಪ್ರಾಂತ್ಯದ ನೆನಪಿನಲ್ಲಿ. ಹಸಿರು ಮೆಣಸಿನಕಾಯಿಯನ್ನೇ ಹಾಡಿ ಹೊಗಳುವ ನ್ಯೂ ಮೆಕ್ಸಿಕೊ ರಾಜ್ಯದ ಸಂಶೋಧಕರು 1987ರಲ್ಲಿ, ಕೈಗೆ ಖಾರ ಹತ್ತಿಸಿಕೊಂಡ ಸ್ವಯಂಸೇವಕರನ್ನಿಟ್ಟುಕೊಂಡು ತಣ್ಣೀರನ್ನೂ ಅಡುಗೆ ಎಣ್ಣೆಯನ್ನೂ ಹೋಲಿಸಿದರು. ಬಹಳ ಹೊತ್ತು ಉಳಿಯುವ ಉಪಶಮನ ಸಿಕ್ಕಿದ್ದು ಎಣ್ಣೆಯಲ್ಲಿ ಕೈ ಅದ್ದಿದವರಿಗೆ.

ಖಾರ ತೆಗೆದಾದ ಮೇಲೆ ತಂಪಿನ ಸರದಿ. ತಣ್ಣೀರಿನ ಬೋಗುಣಿ, ತಣ್ಣನೆಯ ಮೊಸರು, ಒದ್ದೆಬಟ್ಟೆ ಯಾವುದಾದರೂ ಸರಿ. ಐಸ್ ಆದರೆ ಬಟ್ಟೆಯಲ್ಲಿ ಸುತ್ತಿ, ಐದ್ಹತ್ತು ನಿಮಿಷಕ್ಕೊಮ್ಮೆ ತೆಗೆಯುತ್ತಿರಬೇಕು. ಉರಿಯ ಭರದಲ್ಲಿ ಐಸ್ ಗಡ್ಡೆಯನ್ನೇ ಬಿಗಿಹಿಡಿದರೆ ಶೀತದಿಂದಲೇ ಚರ್ಮ ಕೆಡುತ್ತದೆ. ಫ್ಯಾನಿನ ಗಾಳಿ ಹಿತ. ಒಲೆಯ ಮುಂದೆ ನಿಲ್ಲುವುದು, ಬಿಸಿಲಿಗೆ ಹೋಗುವುದು, ಬಿಸಿನೀರು ಸ್ನಾನ ಮಾಡುವುದು ಆ ದಿನದ ಮಟ್ಟಿಗೆ ಬೇಡ.

ಹಾಲು, ಮೊಸರಿನ ಬಗ್ಗೆ ಒಂದು ಮಾತು. ಬಾಯಿಗೆ ಖಾರ ಹತ್ತಿದರೆ ಹಾಲಿಗಿಂತ ಒಳ್ಳೆಯದು ಇಲ್ಲ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದವರು ಬಗೆಬಗೆಯ ಪಾನೀಯಗಳನ್ನು ಹೋಲಿಸಿದಾಗ ಕೆನೆಹಾಲು, ಕೆನೆ ತೆಗೆದ ಹಾಲು ಎರಡೂ ಚೆನ್ನಾಗಿ ಕೆಲಸ ಮಾಡಿದವು. ಕೆನೆ ಇಲ್ಲದ್ದೂ ಕೆಲಸ ಮಾಡಿದ್ದರಿಂದ ಹಾಲಿನ ಕೊಬ್ಬಿಗಿಂತ ಪ್ರೋಟೀನಿಗೇ ಹೆಚ್ಚು ಪಾಲು ಇರಬೇಕು. ಕೈಯ ಚರ್ಮಕ್ಕೆ ಈ ಮಾತು ಅಷ್ಟಾಗಿ ಸಲ್ಲದು. ಅಲ್ಲಿ ಹಾಲು, ಮೊಸರಿನಿಂದ ಸಿಗುವುದು ಮುಖ್ಯವಾಗಿ ತಂಪು. ಎಣ್ಣೆ, ಸೋಪಿನ ಬದಲಿಗೆ ಮೊಸರು ಮೆತ್ತಿಕೊಂಡು ಕೂರುವುದು ವ್ಯರ್ಥ. ಅವುಗಳ ನಂತರ ಮೆತ್ತಿಕೊಂಡರೆ ಸುಖ.

ಉಳಿದ ಮನೆಮದ್ದುಗಳನ್ನು ಇದೇ ಒರೆಗೆ ಹಚ್ಚಬಹುದು. ಅದು ಖಾರವನ್ನು ಕರಗಿಸಿ ತೆಗೆಯುತ್ತದೆಯೇ ಅಥವಾ ಚರ್ಮವನ್ನು ತಣ್ಣಗಾಗಿಸುತ್ತದೆಯೇ? ಎರಡೂ ಇಲ್ಲದಿದ್ದರೆ ಬೇಡ. ಕಡಲೆಹಿಟ್ಟು, ಗೋಧಿಹಿಟ್ಟು ತಿಕ್ಕುವುದು ಎಣ್ಣೆಯ ಜೊತೆಗಾದರೆ ಒಳ್ಳೆಯದು, ಜಿಡ್ಡನ್ನು ಹಿಟ್ಟು ಹೀರಿಕೊಂಡು ಉದುರುತ್ತದೆ. ಬರಿ ಹಿಟ್ಟಿನಿಂದ ಲಾಭ ಅಲ್ಪ. ಬೆಲ್ಲ, ಸಕ್ಕರೆ ನಾಲಿಗೆಗೆ ಸರಿ, ಕೈಗೆ ಅಂಟು. ಹುಣಸೆಹಣ್ಣಿನ ನೀರು, ನಿಂಬೆರಸ, ವಿನಿಗರ್ ಹಚ್ಚುವವರು ಎಲ್ಲ ಕಡೆ ಇದ್ದಾರೆ. ಕೆಲವರಿಗೆ ಗುಣ ಕಂಡಿರಲೂಬಹುದು. ಆದರೆ ಹುಳಿಯೂ ಅದೇ ಕಿಂಡಿಯನ್ನು ಕೆರಳಿಸುವಂಥದ್ದು, ಗೀರುಬಿದ್ದ ಕೈಗೆ ಅದು ಇನ್ನೊಂದು ಉರಿ. ಮೊದಲ ಮದ್ದಾಗಿ ಅದನ್ನು ಹೇಳುವಂತಿಲ್ಲ. ಸುಣ್ಣ ಹಚ್ಚುವುದು ಅಪಾಯ. ಸುಣ್ಣ ಚರ್ಮವನ್ನು ನಿಜವಾಗಿಯೇ ಸುಡುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಕೂಡ ಅದೇ ಸಾಲಿನದು.

ಸ್ಪಿರಿಟ್‌ ಅಥವಾ ಸ್ಯಾನಿಟೈಸರ್ ಖಾರವನ್ನು ಕರಗಿಸುವುದು ನಿಜ. ಹತ್ತಿಯಲ್ಲಿ ಅದ್ದಿ ಒರೆಸಿ, ಕೂಡಲೇ ಸೋಪಿನಿಂದ ತೊಳೆದರೆ ಎಣ್ಣೆಯ ಜಾಗದಲ್ಲಿ ನಡೆದೀತು. ಚರ್ಮ ಒಣಗುತ್ತದೆ, ಗೀರಿದ್ದರೆ ಉರಿಯುತ್ತದೆ, ಒಲೆಯ ಹತ್ತಿರವಂತೂ ಕೂಡದು. ಟೂತ್‌ಪೇಸ್ಟ್ ಹಚ್ಚಿದರೆ ಅದರ ಪುದೀನ ಸತ್ವ ಚಳಿ ತಿಳಿಸುವ ಇನ್ನೊಂದು ಬಗೆಯ ಕಿಂಡಿಯನ್ನು ತೆರೆದು ತಂಪಿನ ಭ್ರಮೆ ಕೊಡುತ್ತದೆ. ಖಾರ ಅಲ್ಲೇ ಇರುತ್ತದೆ. ತಲೆನೋವಿನ, ಮಂಡಿನೋವಿನ ಮುಲಾಮನ್ನು ಮಾತ್ರ ಹಚ್ಚಲೇಬಾರದು. ಅಂಥವುಗಳಲ್ಲಿ ಇರುವ ಕರ್ಪೂರವೂ ಟಿಆರ್‌ಪಿವಿ1 ಅನ್ನೇ ಕೆರಳಿಸುತ್ತದೆ, ಕೆಲವು ಮುಲಾಮುಗಳಲ್ಲಿ ಕ್ಯಾಪ್ಸೈಸಿನ್ನೇ ಇರುತ್ತದೆ.

ತಡಮಾಡಿದರೆ ಯಾವ ಮದ್ದಿಗೂ ಬಲ ಕಡಿಮೆ. ಚರ್ಮದ ಮೇಲಿರುವ ಖಾರವನ್ನು ಎಣ್ಣೆ ಎಳೆಯಬಲ್ಲದು, ಒಳಗಿಳಿದದ್ದನ್ನಲ್ಲ. ಪೆಪ್ಪರ್ ಸ್ಪ್ರೇ ಮುಖಕ್ಕೆ ತಗುಲಿದ 49 ಮಂದಿ ಸ್ವಯಂಸೇವಕರ ಮೇಲೆ 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಾಲು, ನೀರು, ಮಕ್ಕಳ ಶಾಂಪೂ, ಮರಗಟ್ಟಿಸುವ ಲಿಡೊಕೇನ್ ಜೆಲ್, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಈ ಐದನ್ನೂ ಹಚ್ಚಿ ನೋಡಿದರು. ಒಂದಕ್ಕಿಂತ ಇನ್ನೊಂದು ಮೇಲೆನಿಸಲಿಲ್ಲ. ಎಲ್ಲರಲ್ಲೂ ನೋವು ಇಳಿಸಿದ್ದು ಕಳೆದ ಹೊತ್ತು. ಆದ್ದರಿಂದ ಉರಿ ಶುರುವಾಗುವವರೆಗೆ ಕಾಯುವುದು ತರವಲ್ಲ. ಮೆಣಸಿನಕಾಯಿ ಕೆಲಸ ಮುಗಿದ ಕೂಡಲೇ, ಕೈ ಇನ್ನೂ ಸುಮ್ಮನಿರುವಾಗಲೇ, ಎಣ್ಣೆ ಮತ್ತು ಸೋಪಿನ ಸುತ್ತು ಮುಗಿಸಬೇಕು.

ಕಣ್ಣಿಗೆ ಈ ಯಾವುದೂ ಅಲ್ಲ. ಖಾರದ ಕೈ ಕಣ್ಣಿಗೆ ತಾಗಿದರೆ ಎಣ್ಣೆ, ಹಾಲು, ಸೋಪು ಹಾಕದೆ, ಉಜ್ಜದೆ, ಶುದ್ಧವಾದ ತಣ್ಣೀರನ್ನು ಧಾರೆಯಾಗಿ ಹದಿನೈದು ನಿಮಿಷ ಬಿಡಬೇಕು, ಕಣ್ಣು ಪಿಳುಕಿಸುತ್ತಿರಬೇಕು. ಬರುವ ಕಣ್ಣೀರೂ ತೊಳೆಯುವ ಕೆಲಸವನ್ನೇ ಮಾಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಶುಭ್ರವಾದ ಕೈಯಿಂದ, ಸಾಧ್ಯವಾದರೆ ಬೇರೆಯವರ ಕೈಯಿಂದ, ತೆಗೆಸಿ ಎಸೆಯಬೇಕು. ಲೆನ್ಸ್ ಹಾಕುವವರು ಮೆಣಸಿನಕಾಯಿ ಹೆಚ್ಚುವ ದಿನ ಕನ್ನಡಕದಲ್ಲೇ ಇರುವುದು ಕ್ಷೇಮ. ಮೂಗು, ತುಟಿ, ಗುಪ್ತಾಂಗಗಳ ಚರ್ಮ ತೆಳು. ಅಂಗೈಗೆ ತಿಳಿಯದ ಖಾರ ಅಲ್ಲಿ ಕ್ಷಣದಲ್ಲಿ ತಿಳಿಯುತ್ತದೆ. ಊಟಕ್ಕೆ ಕೂರುವ ಮೊದಲು ಕೈ ತೊಳೆಯುವವರು ಮೂತ್ರಕ್ಕೆ ಹೋಗುವ ಮೊದಲೂ ತೊಳೆಯಬೇಕಾದ ಒಂದೇ ಸಂದರ್ಭ ಇದು. ಮಜ್ಜಿಗೆ ಮೆಣಸಿನಕಾಯಿ ಸೀಳಿ ಎದ್ದ ತಾಯಿ ಹಾಗೆಯೇ ಮಗುವನ್ನು ಎತ್ತಿಕೊಂಡರೆ ಉರಿ ಮಗುವಿನ ಮುಖಕ್ಕೆ ಹೋಗುತ್ತದೆ, ಏನಾಯಿತೆಂದು ಅದಕ್ಕೆ ಹೇಳಲೂ ಬಾರದು.

ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭ ಅಪರೂಪ, ಆದರೆ ಉಂಟು. ಗುಳ್ಳೆ ಎದ್ದರೆ, ಕೈ ಬಿಗಿದು ಊದಿದರೆ, ಒಂದು ದಿನ ಕಳೆದೂ ಉರಿ ತಗ್ಗದಿದ್ದರೆ, ಕಣ್ಣು ತೊಳೆದ ಮೇಲೂ ಮಂಜಾಗಿಯೇ ಇದ್ದರೆ ತೋರಿಸಬೇಕು. ಘಾಟಿನಿಂದ ಉಸಿರು ಕಟ್ಟಿದಂತಾಗುವ ಆಸ್ತಮಾದವರು, ಪುಟ್ಟ ಮಕ್ಕಳು ಇದ್ದರೆ ಕಾಯುವುದೇ ಬೇಡ. ಮರಗಟ್ಟಿಸುವ ಜೆಲ್, ಊತ ಇಳಿಸುವ ಮುಲಾಮು ವೈದ್ಯರ ಕೈಯಲ್ಲಿರುತ್ತವೆ; ಅಂಗಡಿಯಿಂದ ತಾವೇ ತಂದು ಹಚ್ಚಿಕೊಳ್ಳುವಂಥವಲ್ಲ.

ವರ್ಷಗಟ್ಟಲೆ ಮೆಣಸಿನಕಾಯಿ ಮುಟ್ಟಿದವರು ತಮಗೆ ಉರಿಯೇ ಆಗದು ಎನ್ನುವುದುಂಟು. ಅದು ಬರಿ ಜಂಭವಲ್ಲ. ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದ ನರತುದಿ ಕ್ರಮೇಣ ಓಗೊಡುವುದನ್ನು ಬಿಡುತ್ತದೆ. ಇದೇ ಗುಣವನ್ನು ವೈದ್ಯಕೀಯ ಬಳಸಿಕೊಂಡಿದೆ: ಸಂಧಿನೋವಿಗೆ ಕಡಿಮೆ ಪ್ರಮಾಣದ ಕ್ಯಾಪ್ಸೈಸಿನ್ ಮುಲಾಮು, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿ. ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆದ ಆ ಪಟ್ಟಿಯ ಜೊತೆ ಎರಡು ಸಂಗತಿಗಳು ಬರುತ್ತವೆ, ಎರಡೂ ಅಡುಗೆಮನೆಗೆ ಉಪಯುಕ್ತ. ಒಂದು, ಉಳಿದ ಖಾರ ತೆಗೆಯಲು ನೀರಲ್ಲ, ಅದಕ್ಕೆಂದೇ ಮಾಡಿದ ಜೆಲ್. ಇನ್ನೊಂದು ಸೂಚನೆ: ಪಟ್ಟಿ ಹಚ್ಚುವವರು ನೈಟ್ರೈಲ್ ಕೈಗವಸನ್ನೇ ಹಾಕಬೇಕು, ಲೇಟೆಕ್ಸ್ ಗವಸು ಕ್ಯಾಪ್ಸೈಸಿನ್ ತಡೆಯಲು ಸಾಲದು.

ಔಷಧದಂಗಡಿಯಲ್ಲಿ ಸಿಗುವ ನೀಲಿ ನೈಟ್ರೈಲ್ ಗವಸು ಒಂದು ಜೊತೆ ಇದ್ದರೆ ಮೇಲೆ ಹೇಳಿದ ಮದ್ದುಗಳ ಅಗತ್ಯವೇ ಬೀಳುವುದಿಲ್ಲ. ಗವಸು ಒಗ್ಗದವರು, ಅಥವಾ ಸಿಗದ ಕಡೆ, ಕೆಲಸಕ್ಕೆ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳಬಹುದು. ಖಾರ ನೇರ ಚರ್ಮಕ್ಕಿಳಿಯದೆ ಎಣ್ಣೆಯಲ್ಲಿ ಉಳಿಯುತ್ತದೆ, ಕೆಲಸ ಮುಗಿದ ಕೂಡಲೇ ಅದನ್ನು ಒರೆಸಿ ಸೋಪು ಹಾಕಿದರಾಯಿತು. ಸೀಳಲು ಕತ್ತರಿ, ತಿರುಳು ತೆಗೆಯಲು ಚಮಚದ ಹಿಡಿ, ಮಜ್ಜಿಗೆಯಲ್ಲಿ ಕೈಯಾಡಿಸುವ ಬದಲು ಮರದ ಸೌಟು ಸಾಕು. ಬಜ್ಜಿ ಅಂಗಡಿ, ಚಟ್ನಿಯ ಗಾಡಿ, ತೊಟ್ಟು ಬಿಡಿಸುವ ಗೋದಾಮು ನಡೆಸುವವರು ತಮ್ಮ ಕೆಲಸದವರಿಗೆ ಗವಸು, ಮುಖವಸ್ತ್ರ, ಒಂದು ಬಾಟಲಿ ಎಣ್ಣೆ, ಪಾತ್ರೆಯ ಸೋಪು ಒದಗಿಸಿದರೆ ಬೀಳುವ ಖರ್ಚು ತೀರ ಸಣ್ಣದು. ಒದಗಿಸುವುದು ಅವರ ಹೊಣೆಯೂ ಹೌದು.

ಕೊನೆಗೆ ಪಾತ್ರೆಪಗಡಿ. ಹಲಗೆ, ಚಾಕುವಿನ ಹಿಡಿ, ಮಿಕ್ಸಿಯ ಮುಚ್ಚಳ, ಕೈ ಒರೆಸಿದ ಬಟ್ಟೆ ಇವುಗಳಿಗೆ ಹತ್ತಿದ ಖಾರ ಒಣಗಿದರೂ ಬಲ ಕಳೆದುಕೊಳ್ಳುವುದಿಲ್ಲ, ಮರುದಿನ ಮುಟ್ಟಿದವರ ಕೈಗೆ ಹತ್ತುತ್ತದೆ. ಅವನ್ನೂ ಸೋಪಿನಿಂದ ತೊಳೆದಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮನೆಯ ಉಳಿದ ಬಟ್ಟೆಗಳ ಜೊತೆ ನೆನೆಸಬೇಡಿ.